ಎಷ್ಟನೆಯ ಗುಂಡಿಗೆ

ಕೋಡಿಬಾಗದ ದೋಣಿ ಶೆಡ್ಡಿನಲ್ಲಿ ನನ್ನ ಪಾಲಿಗೆ ಒಂದು ಮೊಳೆ,
ಮೊಳೆಗೆ ತಂತಿ, ತಂತಿಗೆ ಸೋಡಾ ಬಾಟಲಿಯ ಮುಚ್ಚಳ.
ಮುಚ್ಚಳದಲ್ಲಿ ಮೊನ್ನೆ ಹೊಯ್ದ ರಾಳ, ಈಗ ಜೇನಿನ ಬಣ್ಣದ ಕಲ್ಲು.
ಅದರ ನಡುವಿನಿಂದ ತೂತು ಹಾದು ಇಳಿದದ್ದು
ಒಂದೇ ಒಂದು ಗಾಜಿನ ನೂಲು.
ನೂಲಿನ ತುದಿಗೆ ಹಳೆಯ ಡಾಲ್ಡಾ ಡಬ್ಬಿ.
ಡಬ್ಬಿಗೆ ಒಂದೊಂದಾಗಿ ಹಾಕುತ್ತೇನೆ
ಹರಕು ಬಲೆಯಿಂದ ಬಿಚ್ಚಿದ ಸೀಸದ ಗುಂಡು.

ದೊಡ್ಡ ಕಾರ್ಖಾನೆಗಳಲ್ಲಿ ಇದಕ್ಕೆ ಯಂತ್ರವಿದೆಯಂತೆ,
ಹಲ್ಲು ಕಚ್ಚಿ ಎಳೆಯುತ್ತದಂತೆ.
ನಮ್ಮ ಧನಿ ತರಿಸಿದ್ದು ಒಂದು ರಿಜಿಸ್ಟರು.
ತಾರೀಕು. ಹವೆ. ಎಷ್ಟನೆಯ ಗುಂಡಿಗೆ.
ಕೊನೆಗೆ, ಹರಿಯಿತೋ ಜಾರಿತೋ.

ಹರಿದರೆ ಒಳ್ಳೆಯದು,
ನೂಲು ಸತ್ತಿತು, ಹಿಡಿದ ಕೈ ಬಿಡಲಿಲ್ಲ.
ಜಾರಿದರೆ, ಬೆಣ್ಣೆಯಿಂದ ಕೂದಲು ತೆಗೆದಂತೆ ಬಂದರೆ,
ಆ ದೋಣಿ ಒಳಗೊಳಗೇ ಎರಡು ದೋಣಿ,
ನೋಡುವವರಿಗೆ ಒಂದು.

ಪುರ್ಸು ಮೇಸ್ತರು ನನ್ನ ಮೊಳೆ ಕಂಡರೆ ಬಾಯಿ ಸೊಟ್ಟ ಮಾಡುವವರು.
ಮರದ ದೋಣಿ ಕಟ್ಟುತ್ತಿದ್ದ ಕೈ, ವಯಸ್ಸಾದ ಮೇಲೆ ಫೈಬರಿಗೆ ಬಂದದ್ದು.
ಸೊಂಟದಿಂದ ಹಳೇ ರೂಪಾಯಿ ತೆಗೆದು
ದೋಣಿಯ ಬೆನ್ನಿಗೆ ತಟ್ಟುತ್ತ ಹೋಗುತ್ತಾರೆ
ಹಲಸಿನ ಹಣ್ಣಿಗೆ ತಟ್ಟಿದ ಹಾಗೆ.
ಟಣ್, ಟಣ್, ಟಣ್. ಒಂದು ಕಡೆ ಡಬ್.
ಅಲ್ಲಿ ಸೀಮೆಸುಣ್ಣದ ಗುರುತು. ಮಾತಿಲ್ಲ.

ಆ ವಾರ ಮೂರು ಬಿಲ್ಲೆ.
ಬಿಸಿಲು ಬಿದ್ದ ದಿನದ್ದು ನಲವತ್ತೆಂಟಕ್ಕೆ ಹರಿಯಿತು.
ಮಳೆ ಹಿಡಿದ ದಿನದ್ದು ಮೂವತ್ತೊಂದಕ್ಕೆ ಜಾರಿತು.
ಮೂರನೆಯದು, ಮತ್ತೆ ಬಿಸಿಲಿನದೇ, ಬರೀ ಹತ್ತೊಂಬತ್ತು.
ಹೊರಬಂದ ನೂಲು ನೆಕ್ಕಿಟ್ಟ ಹಾಗೆ ಸ್ವಚ್ಛ,
ರಾಳದ ಒಂದು ಚೂರೂ ಅಂಟಿರಲಿಲ್ಲ.

ಅದು ಇನಾಸನ ಹೊಸ ದೋಣಿಗೆ ಹಾಸಿದ ಮಾಲು.
ಮೇಸ್ತರು ಅವಸರಕ್ಕೆ ಒದ್ದೆ ಚಾಪೆ ಹಾಸಿದರು ಎಂದು
ಬರೆಯಲು ಪೆನ್ನಿನ ಟೊಪ್ಪಿಗೆ ತೆಗೆದೆ.
ಮೊದಲ ದಿನ ನನಗೆ ರೋಲರು ಹಿಡಿಸಿದವರು ಅವರೇ,
‘ಗುಳ್ಳೆ ಓಡಿಸು ಮಗಾ,
ಗುಳ್ಳೆಯೊಳಗೆ ಸಮುದ್ರ ಕಾಯ್ತಾ ಕೂತಿರ್ತದೆ.’

‘ನೂಲು ಕತ್ತರಿಸಿದ್ದು ಯಾರು?’ ಕೇಳಿದರು.
ನಾನು.
‘ಕೈ ತೋರಿಸು.’
ಉಗುರಿನ ಸಂದಿಯಲ್ಲಿ ಮಿಣ್ಣಗೆ ಒಂದು ಪರೆ.

ಬಂಗಡೆ. ಎಂಟು. ಅಮ್ಮನ ಬುಟ್ಟಿಯಲ್ಲಿ ಉಳಿದದ್ದನ್ನು
ದಿನಾ ಬೆಳಿಗ್ಗೆ ಕೊಯ್ದು ಬರುವವಳು ನಾನು.
ಬೂದಿ ಹಚ್ಚಿ ತಿಕ್ಕಿದರೂ ಉಳಿಯುವ ಜಿಡ್ಡು,
ಕಣ್ಣಿಗೆ ಕಾಣದಷ್ಟು, ನೂಲಿಗೆ ಮಾತ್ರ ತಿಳಿಯುವಷ್ಟು.
ರಾಳ ಬಂದು ಬಾಗಿಲು ಬಡಿದಿದೆ,
ಒಳಗೆ ಆಗಲೇ ಬಂಗಡೆ ಕೂತಿದೆ.

ಹೊಸ ನೂಲು. ಕೈಗವಸು. ಎರಡು ದಿನ ಕಾದೆ.
ನಲವತ್ತಾರನೆಯ ಗುಂಡಿಗೆ ಸರಿಯಿತು,
ಉಗುರಿನ ಅಂಚಿನಷ್ಟು. ನಿಂತಿತು.
ಇನ್ನೆರಡು ಹಾಕಿದೆ. ಹರಿಯಿತು.

ನನ್ನ ಮುಖ ನೋಡಿ ಮೇಸ್ತರು ನಕ್ಕರು.
‘ಅಷ್ಟು ಸರೀಬೇಕು. ಒಂಚೂರೂ ಸರೀದ್ದನ್ನ ಕಟ್ಟಿದ್ದೆ ಒಮ್ಮೆ.
ಕೂರ್ಮಗಡದ ಬಂಡೆಗೆ ಒಂದೇ ಏಟು,
ಬಿರುಕಿಗೆ ನಿಲ್ಲೋಕೆ ಎಲ್ಲೂ ಜಾಗ ಸಿಗಲಿಲ್ಲ,
ಈ ಕಡೆಯಿಂದ ಆ ಕಡೆ, ಹಪ್ಪಳ.’

ಹರಿಯಿತೋ ಜಾರಿತೋ? ಎರಡನ್ನೂ ಬರೆದೆ.
ಹತ್ತೊಂಬತ್ತರ ಎದುರು ಕಾರಣಕ್ಕೆ ಜಾಗವಿರಲಿಲ್ಲ,
ಅಂಚಿನಲ್ಲಿ ಅಡ್ಡಡ್ಡ ಗೀಚಿದೆ: ಬಂಗಡೆ.
ಕೆಳಗೆ ಸಹಿ, ಶೇವಂತಿ ತಾಂಡೇಲ.

‘ಇದೇನಿದು, ಮೀನಿನ ಲೆಕ್ಕವೂ ಇದರಲ್ಲೇ?’
ಧನಿ ಕೇಳಿದ್ದಕ್ಕೆ ನಾನು ಉತ್ತರ ಕೊಡಲಿಲ್ಲ.
ಇನಾಸನ ದೋಣಿಯ ಎಡಮಗ್ಗುಲಿಗೆ
ಚಾಪೆ ಎತ್ತಿಕೊಟ್ಟದ್ದೂ ಇದೇ ಕೈ.
ಕಾಳಿಯಲ್ಲಿ ಭರತ ಏರುತ್ತಿತ್ತು, ಹೊರಗೆ ಮೇಸ್ತರು
ಮೂತಿಯಿಂದ ಹಿಂದಕ್ಕೆ ತಟ್ಟುತ್ತ ಬರುತ್ತಿದ್ದರು.
ಟಣ್.
ಟಣ್.
ಇನ್ನೂ ನಾಲ್ಕು ಮೊಳ ಇತ್ತು.